ಒಂದು ಅನಾಮಧೇಯ ಪತ್ರದ ವ್ಯಾಕರಣ

ಫ್ರಾನ್ಸಿನ ಪೆರಿಗೊ ಪಟ್ಟಣದಲ್ಲಿ ಹೊಟ್ಟೆಕಿಚ್ಚಿನವರು ನಲವತ್ತು ಸಾವಿರ ಮಂದಿ ಇದ್ದರು. ಎಂದರೆ ತೊಟ್ಟಿಲ ಕೂಸುಗಳನ್ನೂ ಸೇರಿಸಿ ಊರಿಗೆ ಊರೇ. ಆದರೆ ಅಷ್ಟೂ ಜನರ ಕಿಚ್ಚನ್ನು ಒಂದೇ ಒಲೆಗೆ ಸುರಿದರೂ ಅನ್ಸೆಲ್ಮ್ ಪುಜೋಲನ ಎದೆಯಲ್ಲಿ ಉರಿಯುತ್ತಿದ್ದುದರ ಮುಂದೆ ಅದು ಒಂದು ಬೆಂಕಿಕಡ್ಡಿ. ಅವನು ನಡೆದುಹೋದ ಬೀದಿಯಲ್ಲಿ ಜನವರಿಯಲ್ಲೂ ಹಿಮ ನಿಲ್ಲುತ್ತಿರಲಿಲ್ಲ. ಅವನ ಟೋಪಿಯ ಮೇಲೆ ಮೊಟ್ಟೆ ಒಡೆದರೆ ಆಮ್ಲೆಟ್ ಆಗುತ್ತಿತ್ತು. ಇದನ್ನು ಕಣ್ಣಾರೆ ಕಂಡವರಿದ್ದಾರೆ. ಮೊಟ್ಟೆ ಯಾರದೆಂಬುದರಲ್ಲಿ ಮಾತ್ರ ಇನ್ನೂ ಜಗಳವಿದೆ.

ಲೋಕದ ಜನ ನೆರೆಯವನ ಹೊಸ ಕಾರು ಕಂಡು ಕರುಬುತ್ತಾರೆ, ಷಡ್ಡಕನ ದ್ರಾಕ್ಷಿತೋಟ ಕಂಡು ಕರುಬುತ್ತಾರೆ. ಅನ್ಸೆಲ್ಮ್ ಕರುಬಿದ್ದು ಇನ್ನೊಬ್ಬನಿಗೆ ಸಿಕ್ಕಿದ್ದ ಮರಣದಂಡನೆ ಕಂಡು.

ಯುದ್ಧಕಾಲದಲ್ಲಿ ಜರ್ಮನರು ಊರೊಳಗೆ ಬಂದು ಕೂತಾಗ ಅವರ ತಾಳಕ್ಕೆ ಕುಣಿಯುವ ಪತ್ರಿಕೆಯೊಂದು ಶುರುವಾಗಿತ್ತು. ಅನ್ಸೆಲ್ಮ್ ಅದರಲ್ಲಿ ಪ್ರೂಫ್ ತಿದ್ದುತ್ತಿದ್ದ. ತಿದ್ದಿದರೆ ಅವನ ಹಾಗೆ ತಿದ್ದಬೇಕು. ಎರಡು ವರ್ಷದಲ್ಲಿ ಆ ಪತ್ರಿಕೆಯಲ್ಲಿ ಒಂದೇ ಒಂದು ಸತ್ಯ ಅಚ್ಚಾಗಲಿಲ್ಲ, ಒಂದೇ ಒಂದು ಕಾಗುಣಿತದ ತಪ್ಪೂ ಅಚ್ಚಾಗಲಿಲ್ಲ. ಜರ್ಮನರು ಗಂಟುಮೂಟೆ ಕಟ್ಟಿಕೊಂಡು ಓಡಿದ ಮೇಲೆ ನ್ಯಾಯಾಲಯ ಅವನಿಗೆ ಮೂರು ವರ್ಷ ಜೈಲು ಕೊಟ್ಟಿತು. ಅದರ ಮೇಲೆ ಐದು ವರ್ಷ ‘ರಾಷ್ಟ್ರಕ್ಕೆ ಅಯೋಗ್ಯ’ ಎಂಬ ಹಣೆಪಟ್ಟಿ: ಮತ ಹಾಕುವ ಹಾಗಿಲ್ಲ, ಸರ್ಕಾರಿ ಕೆಲಸ ಹಿಡಿಯುವ ಹಾಗಿಲ್ಲ, ಪದಕ ತೊಡುವ ಹಾಗಿಲ್ಲ. ಅವನಿಗೆ ಪದಕವನ್ನು ಯಾರೂ ಯಾವತ್ತೂ ಕೊಟ್ಟಿರಲಿಲ್ಲ. ಆದರೂ ಇಲ್ಲದ ಪದಕ ಕಿತ್ತುಕೊಂಡರೆಂದು ಮೂರು ದಿನ ಅತ್ತಿದ್ದ.

ಜೈಲಿನಿಂದ ಬಂದವನು ಲಿಯೊಂತೀನಳ ಅಂಗಡಿಗೆ ಹೋಗತೊಡಗಿದ. ಗುಂಡಿ, ರಿಬ್ಬನ್, ಉಣ್ಣೆ ಮಾರುವ ಅಂಗಡಿ. ಪ್ರತಿ ಶನಿವಾರ ಒಂದು ಗುಂಡಿ ಕೊಳ್ಳುತ್ತಿದ್ದ, ಒಂದೇ ಒಂದು. ಎರಡು ವರ್ಷದಲ್ಲಿ ನೂರು ಗುಂಡಿಯಾದವು, ಹಾಕಿಕೊಳ್ಳಲು ಅಂಗಿ ಇದ್ದದ್ದು ಎರಡು. ಲಿಯೊಂತೀನ್ ಆಗ ಏಳು ವರ್ಷದಿಂದ ಕಪ್ಪು ಬಟ್ಟೆಯಲ್ಲಿದ್ದಳು. ಅವಳಿಗೆ ನಿಶ್ಚಯವಾಗಿದ್ದ ಎಮಿಲಿಯನ್ ಫೋರ್ ಗಂಡುಮಕ್ಕಳ ಶಾಲೆಯ ಮೇಷ್ಟ್ರು. ಅವನು ತರಗತಿಯಲ್ಲಿ ಜರ್ಮನರ ವಿರುದ್ಧದ ಕರಪತ್ರ ಬಚ್ಚಿಟ್ಟಿದ್ದಾನೆಂದು ಯಾರೋ ಹೆಸರು ಹಾಕದ ಕಾಗದ ಬರೆದರು. 1943ರ ಡಿಸೆಂಬರಿನಲ್ಲಿ ಅವನನ್ನು ಹಿಡಿದು ಪೂರ್ವದ ಜರ್ಮನ್ ಶಿಬಿರಗಳಿಗೆ ಹೋಗುವ ರೈಲಿಗೆ ತುಂಬಿದರು. ಆ ರೈಲು ಖಾಲಿಯಾಗಿ ತಿರುಗಿ ಬಂತು. ಕಾಗದ ಬರೆದವರು ಯಾರೆಂದು ಊರಿಗೆ ಕೊನೆಗೂ ಗೊತ್ತಾಗಲಿಲ್ಲ.

“ಆ ಪುಜೋಲನ್ನ ಮದುವೆ ಆಗ್ತೀಯೇನೇ? ಜರ್ಮನರ ಪೇಪರ್‌ನೋನು!” ಎಂದು ಅವಳ ಅಕ್ಕ ಹಣೆ ಚಚ್ಚಿಕೊಂಡಿದ್ದಳು.

“ಅವನು ಮಾಡಿದ್ದೇನು? ಕಾಮಾ ಹಾಕ್ದ, ಅಷ್ಟೆ,” ಎಂದಿದ್ದಳು ಲಿಯೊಂತೀನ್. “ಕಾಮಾದಿಂದ ಯಾರೂ ಸತ್ತಿಲ್ಲ.”

ಆ ಮಾತಿನ ಮೇಲೆಯೇ ಆ ಮದುವೆ ಹದಿನಾರು ವರ್ಷ ನಿಂತಿತ್ತು. ಆ ಕಾಗದವನ್ನು ಬರೆದವನು ಅನ್ಸೆಲ್ಮನೇ ಎಂಬುದು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಗೊತ್ತಿತ್ತು. ಆ ಒಬ್ಬ ಪ್ರತಿ ಬೆಳಿಗ್ಗೆ ಕನ್ನಡಿಯಲ್ಲಿ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದ.

ಬರೆದದ್ದು ರಾಷ್ಟ್ರಕ್ಕಾಗಿ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ರಾಷ್ಟ್ರಕ್ಕೆ ಅದರ ಸುಳಿವೇ ಇರಲಿಲ್ಲ. 1942ರ ಬೇಸಿಗೆಯಲ್ಲಿ ಅನ್ಸೆಲ್ಮ್ ಲಿಯೊಂತೀನಳಿಗೆ ಎಂಟು ಸಾಲಿನ ಪದ್ಯ ಬರೆದುಕೊಟ್ಟಿದ್ದ. ಎಮಿಲಿಯನ್ ಮೇಷ್ಟ್ರು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದು, ಒಂದು ಕ್ರಿಯಾಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಹತ್ತಕ್ಕೆ ಆರು ಎಂದು ಅಂಕ ಕೊಟ್ಟಿದ್ದ. ಅವಳು ನಕ್ಕಳು. ನಮ್ಮ ದೇಶದಲ್ಲಿ ಗಂಡಸಿನ ತಾಯಿಯನ್ನು ಬೈದರೆ ಅವನು ಒಂದು ಲೋಟ ವೈನ್ ಕುಡಿದು ಮರೆತಾನು. ಅವನ ಕಾಗುಣಿತವನ್ನು ಹುಡುಗಿಯ ಎದುರಿಗೆ ತಿದ್ದಿದರೆ ಮರೆಯುವುದಿಲ್ಲ. ಆದ್ದರಿಂದಲೇ ಮುಂದಿನ ವರ್ಷ ಜರ್ಮನ್ ಪೊಲೀಸರಿಗೆ ಬರೆದ ಆ ಪತ್ರವನ್ನು ಅನ್ಸೆಲ್ಮ್ ನಾಲ್ಕು ದಿನ ತಿದ್ದಿದ್ದ. ಸ್ಕೇಲು ಹಿಡಿದು, ಗುರುತು ಸಿಗದ ಕಡ್ಡಿ ಅಕ್ಷರಗಳಲ್ಲಿ, ಫ್ರೆಂಚ್ ವ್ಯಾಕರಣ ಹುಟ್ಟಿದಂದಿನಿಂದ ಅಷ್ಟು ನಿರ್ದುಷ್ಟವಾದ ಚಾಡಿ ಇನ್ನೊಂದಿಲ್ಲವೆಂಬಂತೆ ಬರೆದಿದ್ದ.

ಆಮೇಲೆ ಕಾಲ ಬದಲಾಯಿತು. ಕ್ಷಮಾದಾನದ ಕಾನೂನುಗಳು ಬಂದವು, ಅಯೋಗ್ಯರೆಲ್ಲ ಯೋಗ್ಯರಾದರು, ಯೋಗ್ಯರಾದವರೆಲ್ಲ ಸೇರಿ ‘ರಾಷ್ಟ್ರೀಯ ಜಾಗೃತಿ’ ಎಂಬ ಪಕ್ಷ ಕಟ್ಟಿದರು. ಅನ್ಸೆಲ್ಮ್ ಅದರ ಪೆರಿಗೊ ಶಾಖೆಯ ಕತ್ತೆ. ಗೋಡೆಗೆ ಪೋಸ್ಟರ್ ಅಂಟಿಸುವವನು ಅವನು, ಮೈದಾ ಅಂಟು ಕುದಿಸುವವನು ಅವನು, ‘ಕಹಳೆ’ ಎಂಬ ನಾಲ್ಕು ಪುಟದ ಮಾಸಪತ್ರಿಕೆ ಬರೆದು ತಿದ್ದಿ ಮಡಿಸಿ ಹಂಚುವವನು ಅವನು. ಹನ್ನೆರಡು ವರ್ಷದಲ್ಲಿ ಅವನು ಅಂಟಿಸಿದ ಪೋಸ್ಟರುಗಳನ್ನು ಉದ್ದಕ್ಕೆ ಜೋಡಿಸಿದ್ದರೆ ಚಂದ್ರನಿಗೆ ಹೋಗಿ ಬರುವಾಗ ದಾರಿಯಲ್ಲಿ ಎರಡು ಸಲ ಊಟಕ್ಕೆ ನಿಲ್ಲಬಹುದಿತ್ತು. ಆದರೆ ಶಾಖೆಯ ಊಟದ ಮೇಜಿನಲ್ಲಿ ಅವನ ಜಾಗ ಅಡುಗೆಮನೆಯ ಬಾಗಿಲ ಪಕ್ಕ, ಹೆಂಗಸರ ಸಾಲಿನಲ್ಲಿ.

ಏಕೆಂದರೆ ಆ ಮಂದಿಯಲ್ಲಿ ಮನುಷ್ಯನ ಎತ್ತರ ಅಳೆಯುತ್ತಿದ್ದದ್ದು ಅವನಿಗೆ ಬಿದ್ದ ಶಿಕ್ಷೆಯಿಂದ. ಸಾಸೇಜ್ ಅಂಗಡಿಯ ಬರ್ತೊಮಿಯುಗೆ ಹತ್ತು ವರ್ಷ ಕಠಿಣ ಶಿಕ್ಷೆ ಆಗಿತ್ತು. ಅದಕ್ಕೆ ಅವನು ಶಾಖೆಯ ಅಧ್ಯಕ್ಷ. ಅನ್ಸೆಲ್ಮನಿಗೆ ‘ಮೂರು ವರ್ಷ’ ಎಂದೇ ಅಡ್ಡಹೆಸರು.

“ಏಯ್ ಮೂರ್ ವರ್ಷ, ಆ ಉಪ್ಪು ಇತ್ಲಾಗೆ ದಾಟ್ಸು,” ಎನ್ನುತ್ತಿದ್ದ ಬರ್ತೊಮಿಯು. “ಮೂರ್ ವರ್ಷ ಅಂದ್ರೆ ನಮ್ಮ ನಾಯಿಗೂ ಆಗುತ್ತೆ ಕಣೋ. ಕೋಳಿ ಕದ್ರೆ.”

ಹೀಗಿರುವಾಗ ಸ್ಪೇನಿನಿಂದ ಬಂದ, ಗೊಂತ್ರಾನ್ ದ ಮಾಲ್ವಾಲ್. ಅವನಿಗೆ ಪ್ಯಾರಿಸ್ಸಿನ ನ್ಯಾಯಾಲಯ, ಅವನಿಲ್ಲದಾಗಲೇ, ಗುಂಡಿಕ್ಕಿ ಕೊಲ್ಲಬೇಕೆಂದು ಶಿಕ್ಷೆ ಬರೆದಿತ್ತು. ಇಪ್ಪತ್ತು ವರ್ಷ ಸ್ಪೇನಿನ ಬಿಸಿಲಲ್ಲಿ ಕೂತು, ಆ ಶಿಕ್ಷೆಯನ್ನು ಜಾರಿಮಾಡಲು ಕಾನೂನು ಕೊಟ್ಟಿದ್ದ ಗಡುವು ಮುಗಿದ ಮೇಲೆ ಅತ್ತೆಯ ಮನೆಗೆ ಬರುವ ಅಳಿಯನ ಹಾಗೆ ಬಂದಿಳಿದ. ಅವನ ಮೀಸೆ ಎಷ್ಟು ಚೂಪೆಂದರೆ ಅದರಲ್ಲಿ ಆಲಿವ್ ಚುಚ್ಚಿ ತಿನ್ನಬಹುದು. ಬಂದ ವಾರದಲ್ಲೇ ಅಧ್ಯಕ್ಷನ ಬಲಗಡೆ ಕೂತ. ಗ್ಲಾಸು ಎತ್ತುವಾಗಲೆಲ್ಲ “ನಾನು ಸತ್ತವನು, ಗೆಳೆಯರೇ, ಸತ್ತವನಿಗೆ ಬಾಯಾರಿಕೆ ಜಾಸ್ತಿ,” ಎನ್ನುತ್ತಿದ್ದ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅನ್ಸೆಲ್ಮ್ ಹಲ್ಲು ಕಡಿದ ಸದ್ದಿಗೆ ಇಲಿಗಳು ಊರು ಬಿಟ್ಟವು.

ಮಾಲ್ವಾಲನ ಶಿಕ್ಷೆ, ಮಾಲ್ವಾಲನ ಮೀಸೆ, ಮಾಲ್ವಾಲನ ಹೆಸರಿನ ನಡುವೆ ಕುಲೀನ ಮನೆತನದ ಗುರುತಾಗಿ ಕೂತಿದ್ದ ಆ ‘ದ’. ಒಂದೊಂದನ್ನೂ ಅನ್ಸೆಲ್ಮ್ ರಾತ್ರಿಯೆಲ್ಲ ಚಪ್ಪರಿಸುತ್ತಿದ್ದ. ಇವೆಲ್ಲಕ್ಕೂ ಮೇಲೆ ಇನ್ನೊಂದು: ಏಪ್ರಿಲಿನಲ್ಲಿ ಮಾಲ್ವಾಲ್ ಕೋಟಿನ ತೋಳಿನ ಗುಂಡಿ ಕಿತ್ತುಹೋಗಿದೆಯೆಂದು ಅಂಗಡಿಗೆ ಬಂದ. ಅವನು ಹೊರಟುಹೋದಾಗ ಲಿಯೊಂತೀನ್ ನಗುತ್ತಿದ್ದಳು.

“ಏನಂದ ಅವನು?” ಅನ್ಸೆಲ್ಮ್ ಕೇಳಿದ.

“ಏನೂ ಇಲ್ಲ. ಸ್ಪೇನಲ್ಲಿ ಗುಂಡಿ ಹೊಲಿಯೋರು ಯಾರೂ ಸಿಗಲಿಲ್ಲ, ಗುಂಡು ಹೊಡೆಯೋರು ಮಾತ್ರ ಸಿಕ್ರು ಅಂದ.”

“ಅದಕ್ಕೆ ನಗ್ತಾರಾ?”

“ನಗು ಬಂತು, ನಕ್ಕೆ. ಅದಕ್ಕೂ ನಿಮ್ಮ ಪಕ್ಷದ ಪರ್ಮಿಷನ್ ಬೇಕಾ?”

ಹದಿನಾರು ವರ್ಷದಲ್ಲಿ ಅವಳು ಅನ್ಸೆಲ್ಮನ ಮಾತಿಗೆ ನಕ್ಕಿರಲಿಲ್ಲ. ಅವನು ಮಾತಾಡಿದ್ದೇ ವ್ಯಾಕರಣದ ಬಗ್ಗೆ.

1966ರ ಮೇ ತಿಂಗಳ ಎರಡನೆಯ ಭಾನುವಾರ ಬಂತು, ಇಂಗ್ಲಿಷರ ಮೇಲೆ ಕತ್ತಿ ಹಿಡಿದು ಹೋರಾಡಿದ ಸಂತ ಜಾನಳ ಹಬ್ಬ. ಪಕ್ಷದವರೆಲ್ಲ ಜಾನಳ ಪ್ರತಿಮೆಗೆ ಹೂವಿನ ಚಕ್ರವಿಟ್ಟು ‘ಮೂರು ಬಾತುಕೋಳಿ’ ಹೋಟೆಲಿನ ಹಿಂದಿನ ಕೋಣೆಯಲ್ಲಿ ಊಟಕ್ಕೆ ಸೇರುವುದು ವಾಡಿಕೆ, ಹೆಂಡಂದಿರೂ ಬರುತ್ತಾರೆ. ಆ ವರ್ಷ ಪ್ಯಾರಿಸ್ಸಿನಿಂದ ಪಕ್ಷದ ದೊಡ್ಡ ಮನುಷ್ಯ ತಿಬೇರ್ಜ್ ಬಂದಿದ್ದ. ಮುಂದಿನ ಮಾರ್ಚಿನ ಚುನಾವಣೆಗೆ ಈ ಕ್ಷೇತ್ರದಿಂದ ಯಾರು ನಿಲ್ಲಬೇಕೆಂದು ಹಣ್ಣು ತಿನ್ನುವ ಹೊತ್ತಿಗೆ ಹೇಳುತ್ತೇನೆ ಎಂದಿದ್ದ. ಅನ್ಸೆಲ್ಮನಿಗೆ ಅದು ಬೇಕಿತ್ತು. ಗೆಲ್ಲುವುದಿಲ್ಲವೆಂದು ಅವನಿಗೂ ಗೊತ್ತು. ಕಳೆದ ಸಲ ಪಕ್ಷಕ್ಕೆ ಬಿದ್ದ ಮತ ಒಂದು ಬಸ್ಸಿನಲ್ಲಿ ಕೂರಿಸಬಹುದಾದಷ್ಟು. ಅವನು ಆಸೆಪಟ್ಟದ್ದು ಪೋಸ್ಟರಿಗೆ. ಹನ್ನೆರಡು ವರ್ಷ ಬೇರೆಯವರ ಮುಖಕ್ಕೆ ಅಂಟು ಬಳಿದವನು, ಒಂದೇ ಒಂದು ಸಲ ತನ್ನ ಮುಖಕ್ಕೆ ಬಳಿಯಬೇಕು.

ಬೆಳ್ಳುಳ್ಳಿ ಸಾರು ಬಂತು. ಬಟ್ಟಲಿನ ತಳದಲ್ಲಿ ಎರಡು ಚಮಚ ಉಳಿದಾಗ ನಮ್ಮ ಕಡೆಯ ಪದ್ಧತಿಯಂತೆ ಎಲ್ಲರೂ ಅದಕ್ಕೆ ಕೆಂಪು ವೈನ್ ಸುರಿದು, ಬಟ್ಟಲನ್ನು ಎರಡೂ ಕೈಲಿ ಎತ್ತಿ ಕುಡಿದರು. ಅನ್ಸೆಲ್ಮ್ ಕುಡಿದಾಗ ಗಲ್ಲದಿಂದ ಕಾಲರಿಗೆ ಇಳಿಯಿತು. ಮಾಲ್ವಾಲ್ ಕುಡಿದಾಗ ಮೀಸೆಯ ಒಂದು ಕೂದಲೂ ಒದ್ದೆಯಾಗಲಿಲ್ಲ.

“ನೋಡಿ ಕಲಿ, ಮೂರ್ ವರ್ಷ,” ಎಂದ ಬರ್ತೊಮಿಯು. “ಸತ್ತೋರು ಹೆಂಗೆ ಕುಡೀತಾರೆ ಅಂತ.”

ತಿಬೇರ್ಜ್ ನಕ್ಕು ಮಾಲ್ವಾಲನ ಭುಜದ ಮೇಲೆ ಕೈಯಿಟ್ಟ. ಆ ಕೈ ಅಲ್ಲಿಯೇ ಉಳಿಯಿತು. ಒಂದು ನಿಮಿಷವಾಯಿತು, ಎರಡಾಯಿತು, ಹಣ್ಣು ಬರುವ ಮೊದಲೇ ತೀರ್ಮಾನವಾಗಿದೆಯೆಂದು ಆ ಕೈ ಹೇಳುತ್ತಿತ್ತು. ಅನ್ಸೆಲ್ಮ್ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿದ್ದಿತು.

“ಮೊಸ್ಯೂ ತಿಬೇರ್ಜ್, ಒಂದು ಮಾತು ಕೇಳಬಹುದಾ?”

“ಕೇಳಿ, ಕೇಳಿ.”

“ಮೊಸ್ಯೂ ದ ಮಾಲ್ವಾಲ್ ದೊಡ್ಡೋರು, ಒಪ್ಪೋಣ. ಆದ್ರೆ ಯುದ್ಧದಲ್ಲಿ ಅವರು ಪ್ಯಾರಿಸ್‌ನಲ್ಲಿ ರೇಡಿಯೋದಲ್ಲಿ ಮಾತಾಡ್ತಿದ್ರು. ನಿಲ್ಲೋದು ಪೆರಿಗೊನಲ್ಲಿ. ಈ ಊರಿಗೆ ಅವರೇನು ಮಾಡಿದಾರೆ? ಒಂದು, ಒಂದೇ ಒಂದು ಹೇಳಲಿ.”

“ಕೂತ್ಕೋ,” ಎಂದಳು ಲಿಯೊಂತೀನ್, ಅವನ ಕೋಟಿನ ತುದಿ ಹಿಡಿದು. “ಕಾಲರ್ ಒರೆಸ್ಕೋ, ಕೂತ್ಕೋ.”

ಮೇಜಿನುದ್ದಕ್ಕೂ ಗುಸುಗುಸು ಎದ್ದಿತು. ತಿಬೇರ್ಜನ ಕೈ ಮಾಲ್ವಾಲನ ಭುಜದಿಂದ ಇಳಿಯಿತು. ಅನ್ಸೆಲ್ಮನ ಜೀವಮಾನದಲ್ಲಿ ಅಷ್ಟು ಸಿಹಿಯಾದ ಕ್ಷಣ ಬಂದಿರಲಿಲ್ಲ. ಅದು ಪೂರ್ತಿ ನಾಲ್ಕು ಸೆಕೆಂಡು ಬಾಳಿತು.

ಮಾಲ್ವಾಲ್ ನ್ಯಾಪ್ಕಿನ್ನಿನಿಂದ ಬಾಯಿ ಒತ್ತಿಕೊಂಡ. ಅವನು ಕಳೆದ ಒಂದು ತಿಂಗಳಿಂದ ಪಕ್ಷದ ಕಚೇರಿಯಲ್ಲಿ ಕೂತು, ಭಾಷಣಕ್ಕೆಂದು ಹಳೆಯ ಪತ್ರಿಕೆಗಳ ಕಟ್ಟು ಓದುತ್ತಿದ್ದ. ಸುಳ್ಳು ಹೇಳುವುದಕ್ಕೆ ಅವನಿಗೆ ಉಸಿರು ತೆಗೆದುಕೊಳ್ಳುವಷ್ಟೂ ಹೊತ್ತು ಬೇಡ.

“ಒಂದು ಹೇಳ್ತೀನಿ,” ಎಂದ. “ಇಪ್ಪತ್ತು ವರ್ಷ ಬಾಯಿ ಬಿಟ್ಟಿಲ್ಲ. ಈಗ ಕಾನೂನು ನಮ್ಮ ಕೂದಲೂ ಮುಟ್ಟೋ ಹಾಗಿಲ್ಲ, ಹೇಳಬಹುದು. ಇಲ್ಲಿ ಗಂಡುಮಕ್ಕಳ ಶಾಲೇಲಿ ಒಬ್ಬ ಮೇಷ್ಟ್ರಿದ್ದ. ಫೋರ್ ಅಂತ. ಮೇಜಿನ ಕೆಳಗೆ ಕರಪತ್ರ ಇಟ್ಕೊಂಡಿದ್ದ. ಅವನ ಮೇಲೆ ಒಂದು ಕಾಗದ ಹೋಯ್ತು, ನೆನಪಿದೆಯಾ ನಿಮಗೆಲ್ಲ? 1943ರಲ್ಲಿ ನಾನು ರಜಕ್ಕೆ ಇಲ್ಲಿ ಅತ್ತೆ ಮನೆಗೆ ಬಂದಿದ್ದೆ. ಆ ಕಾಗದ ಬರೆದೋನು ನಾನು.”

ಇಬ್ಬರು ಚಪ್ಪಾಳೆ ತಟ್ಟಿದರು. ಉಳಿದವರು ತಮ್ಮ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದರು. ಬರ್ತೊಮಿಯುವಿನ ಹೆಂಡತಿ ಶಿಲುಬೆಯ ಗುರುತು ಮಾಡಿಕೊಂಡಳು. ಊರಿನವರಿಗೆಲ್ಲ ಗೊತ್ತು ಎಮಿಲಿಯನ್ ಯಾರಿಗೆ ನಿಶ್ಚಯವಾಗಿದ್ದ ಹುಡುಗನೆಂದು. ಗೊತ್ತಿಲ್ಲದವರು ಇಬ್ಬರೇ, ಮಾಲ್ವಾಲ್ ಮತ್ತು ಪ್ಯಾರಿಸ್ಸಿನವನು.

“ಮೊಸ್ಯೂ, ಬಾತುಕೋಳಿ ಆರಿಹೋಗುತ್ತೆ, ತಿನ್ನಿ,” ಎಂದ ಬರ್ತೊಮಿಯು, ಕಣ್ಣಲ್ಲಿ ಮೇಜಿನ ತುದಿ ತೋರಿಸುತ್ತ. “ಆಮೇಲೆ ಮಾತಾಡೋಣ. ಕಾಲು ತಗೊಳ್ಳಿ, ಕಾಲು ಚೆನ್ನಾಗಿದೆ.”

ಲಿಯೊಂತೀನ್ ಚಾಕು ಕೆಳಗಿಟ್ಟಳು. ಅವಳ ಮುಖ ಮೇಜುಬಟ್ಟೆಗಿಂತ ಬಿಳುಪಾಗಿತ್ತು. ಅವಳು ಮಾಲ್ವಾಲನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ವೈನಿನ ಬಾಟಲಿ ಸೀಳಿಹೋಗಬೇಕಿತ್ತು. ಹೋಗಲಿಲ್ಲವೆಂದರೆ ಬಾಟಲಿ ಗಟ್ಟಿಯಿತ್ತು, ಅಷ್ಟೆ.

ಅನ್ಸೆಲ್ಮನಿಗೆ ಒಂದೊಂದೇ ತಿಳಿಯುತ್ತ ಬಂತು. ಇಪ್ಪತ್ಮೂರು ವರ್ಷ ಅವನು ಹೊತ್ತು ತಿರುಗಿದ್ದ ಆ ಕಾಗದವನ್ನು ಇನ್ನೊಬ್ಬ ತಾನಾಗಿ ಬಂದು, ಸಾಕ್ಷಿಗಳ ಎದುರಿಗೆ, ತನ್ನ ತಲೆಗೆ ಕಟ್ಟಿಕೊಂಡಿದ್ದ. ಇನ್ನು ಯಾರೂ ಹುಡುಕುವುದಿಲ್ಲ. ಲಿಯೊಂತೀನ್ ಇನ್ನು ಸಾಯುವವರೆಗೆ ದ್ವೇಷಿಸುವುದು ಮಾಲ್ವಾಲನನ್ನು. ಅವನ ಮಾತಿಗೆ ಇನ್ನೊಮ್ಮೆ ನಗುವುದಿಲ್ಲ. ಅನ್ಸೆಲ್ಮ್ ಮಾಡಬೇಕಾದ್ದು ಒಂದೇ: ಬಿದ್ದ ಕುರ್ಚಿ ಎತ್ತಿ, ಕೂತು, ಬಾತಿನ ಮಾಂಸ ಬಾಯಿಗೆ ತುಂಬಿಕೊಂಡು, ಹೆಂಡತಿಯ ಕೈಮೇಲೆ ಕೈಯಿಡುವುದು. ಸ್ವರ್ಗದ ದೇವತೆಗಳೆಲ್ಲ ಸೇರಿ ಹತ್ತು ವರ್ಷ ಯೋಚಿಸಿದರೂ ಇಂಥ ಉಡುಗೊರೆ ಹೊಳೆಯುತ್ತಿರಲಿಲ್ಲ.

ಅವನು ಕುರ್ಚಿ ಎತ್ತಿದ. ಕೂತ. ಹೆಂಡತಿಯ ಕೈಮೇಲೆ ಕೈಯಿಟ್ಟ. ಅವಳು ಕೈ ಎಳೆದುಕೊಳ್ಳಲಿಲ್ಲ.

“ಆ ಕಾಗದದ ಬಗ್ಗೆ ಪ್ಯಾರಿಸ್‌ನಲ್ಲೂ ಕೇಳಿದ್ದೆ,” ಎಂದ ತಿಬೇರ್ಜ್. ಅವನು ಕಣ್ಸನ್ನೆ ಅರ್ಥಮಾಡಿಕೊಳ್ಳುವ ಪೈಕಿಯಲ್ಲ. “ಒಳ್ಳೆ ಬರವಣಿಗೆ ಅಂತ ಹೇಳ್ತಿದ್ರು. ನೆನಪಿದೆಯೇನು ನಿಮಗೆ?”

“ಬರೆದೋನಿಗೆ ನೆನಪಿರಲ್ವಾ?” ಮಾಲ್ವಾಲ್ ತಲೆ ಹಿಂದಕ್ಕೆಸೆದು ಗಂಟಲು ಸರಿಮಾಡಿಕೊಂಡ. “ಮಹಾಶಯರೇ, ಗಂಡುಮಕ್ಕಳ ಶಾಲೆಯ ಫೋರ್ ಎಂಬ ಅಧ್ಯಾಪಕನು ತರಗತಿಯ ಮೇಜಿನ ಕೆಳಗೆ ಏನನ್ನು ಬಚ್ಚಿಟ್ಟಿರುವನೆಂಬುದು ನಿಮಗೆ ಮೊದಲೇ ಗೊತ್ತಿರಬೇಕಿತ್ತು.”

ಅನ್ಸೆಲ್ಮನ ಬಲಗೈ ತಾನಾಗಿ ಎದೆಯ ಜೇಬಿಗೆ ಹೋಗಿ ಪೆನ್ಸಿಲ್ ಮುಟ್ಟಿತು.

ಗೊತ್ತಿರಬೇಕಿತ್ತು! ಅದು ಆ ಕಾಗದದಲ್ಲಿ ಇರಲೇ ಇಲ್ಲ. 1945ರಲ್ಲಿ ಜರ್ಮನ್ ಪೊಲೀಸರ ಜೊತೆಗಾರರ ವಿಚಾರಣೆ ನಡೆದು ನ್ಯಾಯಾಲಯದಲ್ಲಿ ಆ ಪತ್ರ ಓದಿದಾಗ ಒಂದು ಪತ್ರಿಕೆ ಮೊದಲ ಕೆಲವು ವಾಕ್ಯಗಳನ್ನು ಅಚ್ಚು ಹಾಕಿತ್ತು. ಅಚ್ಚು ಮೊಳೆ ಜೋಡಿಸಿದ ಯಾವನೋ ಕತ್ತೆ, ಅನ್ಸೆಲ್ಮ್ ಎರಡು ಹಗಲು ಯೋಚಿಸಿ ಇಟ್ಟಿದ್ದ ಕ್ರಿಯಾಪದವನ್ನು ಕಿತ್ತೆಸೆದು ಸಂತೆಯಲ್ಲಿ ಈರುಳ್ಳಿ ಮಾರುವವರ ಮಾತು ಹಾಕಿದ್ದ. ಜೈಲಿನಲ್ಲಿ ಆ ಪತ್ರಿಕೆಯ ಚೂರು ಕೈಗೆ ಬಂದಾಗ ಅನ್ಸೆಲ್ಮ್ ಗೋಡೆಗೆ ತಲೆ ಹೊಡೆದುಕೊಂಡಿದ್ದ. ಪಶ್ಚಾತ್ತಾಪವೆಂದು ತಿಳಿದು ಜೈಲಿನ ಪಾದ್ರಿ ಅವನಿಗೆ ಸಿಗರೇಟು ಕೊಟ್ಟಿದ್ದ.

“ವಾಹ್! ಏನು ವಾಕ್ಯ!” ಎಂದ ತಿಬೇರ್ಜ್. “ಕತ್ತಿ ಬೀಸಿದ ಹಾಗಿದೆ.”

“ಅಯ್ಯೋ, ಐದು ನಿಮಿಷದಲ್ಲಿ ಗೀಚಿದ್ದು ಮೊಸ್ಯೂ. ಸಿಗರೇಟು ಸೇದ್ತಾ.”

ಐದು ನಿಮಿಷ! ನಾಲ್ಕು ದಿನದ ತಪಸ್ಸಿಗೆ ಐದು ನಿಮಿಷ. ಅನ್ಸೆಲ್ಮ್ ಬಾತಿನ ತುಂಡು ಕಚ್ಚಿದ. ಸುಮ್ಮನಿರು, ಸುಮ್ಮನಿರು ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿಯ ಕೈ ಇನ್ನೂ ಅವನ ಕೈಯ ಕೆಳಗೇ ಇತ್ತು. ಮೇಜಿನ ಆ ತುದಿಯಿಂದ ಒಬ್ಬಳು “ಎಷ್ಟು ಚೆನ್ನಾಗಿ ಬರೀತೀರಾ ಮೊಸ್ಯೂ” ಎಂದಳು. ಮಾಲ್ವಾಲ್ ಎದೆಗೆ ಕೈಯಿಟ್ಟು ಬಾಗಿದ.

“ಅರಿತಿರತಕ್ಕದ್ದಾಗಿತ್ತು,” ಎಂದ ಅನ್ಸೆಲ್ಮ್.

“ಏನಂದ್ರಿ?”

“ಗೊತ್ತಿರಬೇಕಿತ್ತು ಅಲ್ಲ. ‘ಎಂಬುದನ್ನು ತಾವು ಮೊದಲೇ ಅರಿತಿರತಕ್ಕದ್ದಾಗಿತ್ತು.’ ‘ನಿಮಗೆ’ ಅಲ್ಲ, ‘ತಾವು’.”

ಆ ರೂಪವನ್ನು ನಮ್ಮಲ್ಲಿ ಬಳಸುವವರು ಮೂರೇ ಜನ: ನ್ಯಾಯಾಧೀಶರು, ಹಳೆಯ ಮೇಷ್ಟ್ರುಗಳು, ಗೋರಿಕಲ್ಲು ಕೆತ್ತುವವರು. ಬದುಕಿರುವ ಮನುಷ್ಯ ಊಟದ ಮೇಜಿನಲ್ಲಿ ಅದನ್ನು ನುಡಿದರೆ ಸೂಜಿ ಬಿದ್ದ ಸದ್ದು ಬೋರ್ದೋ ಬಂದರಿನವರೆಗೂ ಕೇಳುತ್ತದೆ. ಲಿಯೊಂತೀನ್ ತಲೆ ತಿರುಗಿಸಿ ಗಂಡನನ್ನು ನೋಡಿದಳು.

“ನಿನಗೆ ಹೇಗೆ ಗೊತ್ತು?”

ತಪ್ಪಿಸಿಕೊಳ್ಳಲು ದಾರಿ ಇನ್ನೂ ಇತ್ತು, ಗಾಡಿ ಹೋಗುವಷ್ಟು ಅಗಲವಾಗಿಯೇ ಇತ್ತು. ಅವನು ಅದನ್ನು ಹಿಡಿದೂ ಹಿಡಿದ.

“ವ್ಯಾಕರಣ ಹಾಗೆ ಕೇಳುತ್ತೆ ಕಣೇ,” ಎಂದ. “ನನ್ನ ಕೆಲಸ ಅಲ್ವಾ. ಮೇಲಿನೋರಿಗೆ ಬರೆದ ಕಾಗದ, ಅಲ್ಲಿ ಬೇರೆ ರೂಪ ಬರೋದೇ ಇಲ್ಲ.”

ಅವಳು ಉಸಿರು ಬಿಟ್ಟಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾಲ್ವಾಲ್ ನಕ್ಕ.

“ನೋಡಿದ್ರಾ ಮೊಸ್ಯೂ ತಿಬೇರ್ಜ್? ಪ್ರೂಫ್ ರೀಡರ್‌ಗಳೇ ಹೀಗೆ. ಚರಿತ್ರೆ ಬರೆಯೋರು ನಾವು. ಕಾಮಾ ಹಾಕೋರು ಇವರು.”

ಕೋಣೆ ನಕ್ಕಿತು. ಇಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದವರೆಲ್ಲ ಒಮ್ಮೆಗೇ ಬಿಡುಗಡೆಯಾದವರಂತೆ ನಕ್ಕರು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಹೋಟೆಲಿನವನೂ ನಕ್ಕ. “ಮೂರ್ ವರ್ಷದ ಕಾಮಾ!” ಎಂದು ಬರ್ತೊಮಿಯು ಮೇಜು ಗುದ್ದಿದ.

ಅನ್ಸೆಲ್ಮ್ ಎದ್ದ. ಈ ಸಲ ಕುರ್ಚಿ ಬೀಳಲಿಲ್ಲ. ಹೆಂಡತಿಯ ಕೈಯಿಂದ ತನ್ನ ಕೈ ತೆಗೆದ, ಏಕೆಂದರೆ ಓದುವಾಗ ಅವನಿಗೆ ಎರಡೂ ಕೈ ಬೇಕು. ಎದುರಿಗೆ ಹಾಳೆಯಿದ್ದ ಹಾಗೆ ಎರಡೂ ಕೈಯನ್ನು ಗ್ಲಾಸುಗಳ ಮೇಲೆ ಚಾಚಿ, ಒಂದೊಂದು ವಿರಾಮಕ್ಕೂ ನಿಂತು ನಿಂತು ಓದತೊಡಗಿದ.

“ಮಹಾಶಯರೇ, ಗಂಡುಮಕ್ಕಳ ಶಾಲೆಯ ಫೋರ್ ಎಂಬ ಅಧ್ಯಾಪಕನು ತರಗತಿಯ ಮೇಜಿನ ಕೆಳಗೆ ಏನನ್ನು ಬಚ್ಚಿಟ್ಟಿರುವನೆಂಬುದನ್ನು ತಾವು ಮೊದಲೇ ಅರಿತಿರತಕ್ಕದ್ದಾಗಿತ್ತು. ಪೇಪರ್‌ನಲ್ಲಿ ಬಂದದ್ದು ಮೊದಲ ಮೂರೇ ವಾಕ್ಯ, ಅಲ್ವಾ ಮಾಲ್ವಾಲ್? ನಾಲ್ಕನೇದು ಹೇಳಿ ನೋಡೋಣ! ಬರಲ್ಲ! ನಾನು ಹೇಳ್ತೀನಿ. ‘ಸದರಿಯವನು ಪ್ರತಿ ಬುಧವಾರ ಸಂಜೆ ಐದಕ್ಕೆ ಶಾಲೆಯ ಹಿಂಬಾಗಿಲಿನಿಂದ, ಸೈಕಲ್ಲಿಲ್ಲದೆ, ನದಿಯ ದಾರಿಯಲ್ಲಿ ಹೊರಡತಕ್ಕವನಾಗಿದ್ದಾನೆ.’ ಆ ಎರಡು ಕಾಮಾ ನೋಡಿ. ‘ಸೈಕಲ್ಲಿಲ್ಲದೆ’ಯ ಹಿಂದೊಂದು, ಮುಂದೊಂದು. ಒಂದು ತೆಗೆದ್ರೂ ವಾಕ್ಯ ಕುಸಿಯುತ್ತೆ. ಐದು ನಿಮಿಷವಂತೆ! ನಾಲ್ಕು ದಿನ! ಹನ್ನೊಂದು ಕರಡು!”

ಕೋಣೆಯಲ್ಲಿ ಯಾರೂ ಅಗಿಯುತ್ತಿರಲಿಲ್ಲ. ಅನ್ಸೆಲ್ಮ್ ಮುಂದಿನ ಸಾಲಿಗೆ ಉಸಿರೆಳೆದುಕೊಂಡ. ಅಷ್ಟರಲ್ಲಿ ಅವನ ಪಕ್ಕದಿಂದ ಮೆಲುದನಿಯೊಂದು ಆ ಸಾಲನ್ನು ಎತ್ತಿಕೊಂಡಿತು.

“‘ಗುರುತಿಗಾಗಿ: ಕುತ್ತಿಗೆಯಲ್ಲಿ ಹಸಿರು ಉಣ್ಣೆಯ ಮಫ್ಲರ್, ಒಂದು ತುದಿ ಇನ್ನೊಂದಕ್ಕಿಂತ ಗಿಡ್ಡವಾಗಿರತಕ್ಕದ್ದು,’” ಎಂದಳು ಲಿಯೊಂತೀನ್.

ಅನ್ಸೆಲ್ಮ್ ತಿರುಗಿದ. “ನಿನಗೆ... ಅದು ಪೇಪರ್‌ನಲ್ಲಿ ಬರಲಿಲ್ಲ.”

“ಬರಲಿಲ್ಲ. ನಲವತ್ತೈದರಲ್ಲಿ ತನಿಖೆ ಮಾಡ್ತಿದ್ದ ನ್ಯಾಯಾಧೀಶರು ನನ್ನ ಕರೆಸಿದ್ರು. ಅಕ್ಷರ ಯಾರದ್ದು ಅಂತ ಗುರುತು ಹಿಡೀತೀಯೇನಮ್ಮ ಅಂತ ಕಾಗದ ಕೈಗೇ ಕೊಟ್ರು. ಗುರುತು ಸಿಗಲಿಲ್ಲ. ಆದ್ರೆ ಓದಿದ್ದೆ. ಅವತ್ತಿಂದ ದಿನಾ ಓದ್ತಾ ಇದೀನಿ.” ಅವಳ ದನಿ ಏರಲಿಲ್ಲ. “ನಾನು ಹೆಣೀವಾಗ ಉಣ್ಣೆ ಸಾಕಾಗಲಿಲ್ಲ. ಆ ವರ್ಷ ಎಲ್ಲೂ ಉಣ್ಣೆ ಸಿಗ್ತಿರಲಿಲ್ಲ. ಅದಕ್ಕೆ ಗಿಡ್ಡ ಆಯ್ತು.”

“ಲಿಯೊಂತೀನ್, ಅದು ಯುದ್ಧ. ರಾಷ್ಟ್ರಕ್ಕೋಸ್ಕರ...”

“ಹತ್ತಕ್ಕೆ ಆರು ಕೊಟ್ಟಿದ್ದ ನಿನಗೆ,” ಎಂದಳು ಅವಳು. “ಅದು ನನಗೂ ನೆನಪಿದೆ. ರಾಷ್ಟ್ರದ ಹೆಸರು ಎತ್ತಬೇಡ.”

ಆಗ ತಿಬೇರ್ಜ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅವನಿಗೆ ಏನೂ ಅರ್ಥವಾಗಿರಲಿಲ್ಲ, ಅಥವಾ ಎಲ್ಲವೂ ಅರ್ಥವಾಗಿತ್ತು. ಪ್ಯಾರಿಸ್ಸಿನ ದೊಡ್ಡ ಮನುಷ್ಯರಲ್ಲಿ ಇವೆರಡಕ್ಕೂ ಮುಖ ಒಂದೇ. “ಇದು! ಇದು ಮನುಷ್ಯ ಅಂದ್ರೆ! ಇಪ್ಪತ್ಮೂರು ವರ್ಷ ಸುಮ್ನಿದ್ದ, ಅಂಟಿನ ಬಕೆಟ್ ಹಿಡ್ಕೊಂಡು! ಸ್ನೇಹಿತರೇ, ನಮ್ಮ ಅಭ್ಯರ್ಥಿ ಸಿಕ್ಕಿದ್ದಾನೆ!” ಮೇಜು ಸುತ್ತಿ ಬಂದು ಅನ್ಸೆಲ್ಮನ ತೋಳು ಹಿಡಿದು ಮೇಲೆತ್ತಿದ. ಬರ್ತೊಮಿಯು ಒಮ್ಮೆ ಲಿಯೊಂತೀನಳ ಕಡೆ, ಒಮ್ಮೆ ಪ್ಯಾರಿಸ್ಸಿನವನ ಕಡೆ ನೋಡಿ, ನಿಧಾನವಾಗಿ ಎದ್ದು, “ಪುಜೋಲ್,” ಎಂದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ‘ಮೂರು ವರ್ಷ’ ಎನ್ನದೆ ಹೆಸರು ಹಿಡಿದು ಕರೆದ. ಮತ್ತೆ ಇಬ್ಬರು ಎದ್ದರು. ಮೇಜಿನ ಆ ತುದಿಯಲ್ಲಿ, ಬಲಗಡೆಯ ಕುರ್ಚಿಯಲ್ಲಿ, ಮಾಲ್ವಾಲ್ ಮೊದಲ ಸಲ ಒಬ್ಬನೇ ಕೂತಿದ್ದ, ಕಳ್ಳಮಾಲಿನ ಸಮೇತ ಸಿಕ್ಕಿಬಿದ್ದವನ ಹಾಗೆ.

ಗೆದ್ದಿದ್ದ ಅನ್ಸೆಲ್ಮ್. ಹೆಸರಿನಲ್ಲಿ ಗೆದ್ದ, ಪತ್ರದಲ್ಲಿ ಗೆದ್ದ, ಪೋಸ್ಟರಿನಲ್ಲಿ ಗೆದ್ದ. ಜಗತ್ತಿನಲ್ಲಿ ಅವನಿಗಿಂತ ಹೆಚ್ಚು ಗೆದ್ದವನು ಆ ಮಧ್ಯಾಹ್ನ ಇನ್ನೊಬ್ಬನಿರಲಿಲ್ಲ.

ಲಿಯೊಂತೀನ್ ಎದ್ದಳು. ಗಂಡನ ಬೆನ್ನ ಹಿಂದಿನಿಂದ ಹಾದು, ಮೇಜಿನ ಉದ್ದಕ್ಕೂ ನಡೆದು, ಮಾಲ್ವಾಲನ ಎದುರಿಗೆ ನಿಂತಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದಾಗಿ ನಿಂತಿತು.

“ಮೊಸ್ಯೂ ದ ಮಾಲ್ವಾಲ್, ನನ್ನ ಕ್ಷಮಿಸಿ,” ಎಂದಳು. “ಕಾಲು ಗಂಟೆ ನಿಮ್ಮನ್ನ ಹೇಗೆ ಕೊಲ್ಲೋದು ಅಂತ ಯೋಚಿಸ್ತಾ ಕೂತಿದ್ದೆ.”

ಮಾಲ್ವಾಲನ ಮೀಸೆ ಇಳಿದಿತ್ತು. “ಮದಾಮ್, ನಾನು... ನನಗೆ ನೀವು ಯಾರು ಅಂತ ಗೊತ್ತಿರಲಿಲ್ಲ. ಪೇಪರ್‌ನಲ್ಲಿ ಓದಿದ್ದು, ಅಷ್ಟೆ. ನಾನು ಬರೆದಿಲ್ಲ.”

“ಗೊತ್ತು. ನಿಮಗೆ ಅಷ್ಟು ವ್ಯಾಕರಣ ಬರಲ್ಲ.”

ಅವನು ಎದ್ದು ಗೋಡೆಯ ಗೂಟದಿಂದ ಅವಳ ಕೋಟು ತೆಗೆದ. ಅವಳ ಹಿಂದೆ ನಿಂತು ಅದನ್ನು ಅಗಲಿಸಿ ಹಿಡಿದ. ಅವಳು ಒಂದು ತೋಳು ಹಾಕಿದಳು, ಇನ್ನೊಂದು ತೋಳು ಸಿಗದೆ ಗಾಳಿಯಲ್ಲಿ ತಡವರಿಸಿದಳು. ಅವನು ಅವಳ ಮಣಿಕಟ್ಟು ಹಿಡಿದು ಮೆತ್ತಗೆ ತೋಳಿನೊಳಕ್ಕೆ ನಡೆಸಿದ. ಅವಳು ಬೇಡವೆನ್ನಲಿಲ್ಲ. ಅನ್ಸೆಲ್ಮ್ ಹದಿನಾರು ಚಳಿಗಾಲ ಆ ಕೋಟು ಹಿಡಿದು ನಿಂತಿದ್ದ, ಹದಿನಾರು ಚಳಿಗಾಲವೂ ಅವಳು “ಬಿಡು, ನಾನೇ ಹಾಕ್ಕೋತೀನಿ” ಎಂದಿದ್ದಳು.

“ಅಕ್ಕನ ಮನೆಗೆ ಹೋಗಬೇಕು,” ಎಂದಳು ಲಿಯೊಂತೀನ್, ಯಾರಿಗೆಂದಿಲ್ಲದೆ. “ಈಗಲೇ.”

“ಮೂಲೆವರೆಗೆ ಬರಲಾ, ಮದಾಮ್?”

ಅವಳು ಹೂಂ ಎಂದು ತಲೆಯಾಡಿಸಿದಳು. ಮಾಲ್ವಾಲ್ ಬಾಗಿಲು ತೆರೆದು ಹಿಡಿದ.

ತಿಬೇರ್ಜ್ ಇನ್ನೂ ಅನ್ಸೆಲ್ಮನ ತೋಳನ್ನು ಮೇಲೆತ್ತಿಕೊಂಡೇ ನಿಂತಿದ್ದ, ಪ್ಯಾರಿಸ್ಸಿನಿಂದ ಬರುವ ಪೋಸ್ಟರಿನ ಅಳತೆ, ಬಣ್ಣ, ಅಕ್ಷರದ ಗಾತ್ರ ಹೇಳುತ್ತಿದ್ದ. ಅನ್ಸೆಲ್ಮನಿಗೆ ಅದರಲ್ಲಿ ಒಂದೂ ಕೇಳಿಸಲಿಲ್ಲ. ಅವಳು ‘ಕ್ಷಮಿಸಿ’ ಎಂದದ್ದು ಮಾಲ್ವಾಲನಿಗೆ. ಕೈ ಹಿಡಿಯಲು ಬಿಟ್ಟದ್ದು ಮಾಲ್ವಾಲನಿಗೆ. ಆ ಲಂಗುಲಗಾಮಿಲ್ಲದ ಸುಳ್ಳುಗಾರನಿಗೆ, ಒಂದು ವಾಕ್ಯ ನೆಟ್ಟಗೆ ಬರೆಯಲು ಬಾರದವನಿಗೆ, ಏನೂ ಮಾಡದವನಿಗೆ. ಮಾಡದೇ ಇದ್ದ ಭಾಗ್ಯಕ್ಕೆ.

ಅವನು ತೋಳು ಕಿತ್ತುಕೊಂಡು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟ. ಹೆಂಡತಿಯನ್ನು ಕೂಗಿ ನಿಲ್ಲಿಸಬೇಕೆಂದು, ಕಾಲಿಗೆ ಬಿದ್ದಾದರೂ ನಿಲ್ಲಿಸಬೇಕೆಂದು, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಬಾಯಿ ತೆರೆದ.

“ಮಾಲ್ವಾಲ್!” ಎಂದು ಕೂಗಿದ.